ಖುದ್ದು ಕೊಟ್ಟಿರುತ್ತೇನೆ

ಹಾಸನ
2 ಡಿಸೆಂಬರ್ 2024

ಅಪ್ಪಾ,

ದಿನಾ ಸಂಜೆ ಫೋನ್ ಮಾಡುವ ಮಗಳು ಇದ್ದಕ್ಕಿದ್ದಂತೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ಕೇಳಿದರೆ ನೀನು ಏನು ಮಾಡುತ್ತೀಯ ಎಂದು ನನಗೆ ಗೊತ್ತು. "ತಡಿ, ನಿಮ್ಮವ್ವಂಗೆ ಕೊಡ್ತೀನಿ" ಎಂದು ಅವ್ವನ ಕೈಗೆ ದಾಟಿಸಿ ಹೊರಗೆ ಹೋಗಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸುವುದು ಕಷ್ಟ.

ಹೋದ ತಿಂಗಳು ನಮ್ಮ ಆಫೀಸಿಗೆ ಸುಬ್ಬಮ್ಮ ಎನ್ನುವವರು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಗಂಡ ಹೋಗಿ ಮೂವತ್ತು ವರ್ಷವಾಗಿದೆ. ಹಳ್ಳಿಮೈಸೂರು ಹೋಬಳಿಯ ಬಿಳಿಗೆರೆಕೊಪ್ಪಲಿನ ದೊಡ್ಡಮನೆಯವರು. ಗಂಡನ ಪಾಲಿಗೆ ಬಂದಿದ್ದ ಎರಡೂವರೆ ಎಕರೆ ಗದ್ದೆಯನ್ನು ಮೈದುನ ರಂಗಸ್ವಾಮಿ ನೋಡಿಕೊಳ್ಳುತ್ತಿದ್ದರು, ವರ್ಷ ವರ್ಷ ಮನೆಗೆ ಭತ್ತ ಹಾಕಿಸುತ್ತಿದ್ದರು. ರಂಗಸ್ವಾಮಿ ಎರಡು ವರ್ಷದ ಹಿಂದೆ ತೀರಿಕೊಂಡರು. ಈಗ ಅವರ ಮಗ ಮೋಹನ್‌ಕುಮಾರ್ ಆ ಗದ್ದೆಗೆ ಜೆಸಿಬಿ ಇಳಿಸಿ ಸೈಟು ಮಾಡಲು ಹೊರಟಿದ್ದಾನೆ. ಸುಬ್ಬಮ್ಮ ಹೋಗಿ ಕೇಳಿದ್ದಕ್ಕೆ ಒಂದು ಹಳೇ ಡಿಕ್ರಿ ತೋರಿಸಿದನಂತೆ. ಅಣ್ಣ ಬದುಕಿದ್ದಾಗಲೇ ತನಗೆ ಹಕ್ಕು ಬಿಟ್ಟುಕೊಟ್ಟಿದ್ದ ಎಂದು ರಂಗಸ್ವಾಮಿ ಕೇಸು ಹಾಕಿ, 2003ರಲ್ಲೇ ಗದ್ದೆಯನ್ನೆಲ್ಲ ತನ್ನದು ಮಾಡಿಕೊಂಡಿದ್ದರು. ಸುಬ್ಬಮ್ಮ ಸಮನ್ಸ್ ತೆಗೆದುಕೊಂಡೂ ಕೋರ್ಟಿಗೆ ಬರಲಿಲ್ಲ ಎಂದು ಕೋರ್ಟು ಒಂದೇ ಕಡೆಯ ಮಾತು ಕೇಳಿ ತೀರ್ಪು ಕೊಟ್ಟಿದೆ.

ನನಗೆ ಯಾರೂ ಏನೂ ಕೊಟ್ಟಿಲ್ಲ ಎನ್ನುತ್ತಾರೆ ಸುಬ್ಬಮ್ಮ. ನಮ್ಮ ಸೀನಿಯರ್ ಕಮಲಾಕ್ಷಮ್ಮ ಮೇಡಂ ಹಳೇ ಕಡತದ ನಕಲು ತರಿಸಿ ಓದಲು ನನಗೆ ಕೊಟ್ಟರು. ಸಮನ್ಸಿನ ಹಿಂಬದಿಯಲ್ಲಿ ಅದನ್ನು ಜಾರಿ ಮಾಡಿದ ಅಮೀನರ ಷರಾ ಇತ್ತು. "ದಿನಾಂಕ 9-1-2003ರಂದು ಪ್ರತಿವಾದಿಯ ಮನೆಗೆ ಹೋಗಿ, ಪ್ರತಿವಾದಿಯನ್ನು ಕಂಡು, ಸಮನ್ಸಿನ ನಕಲನ್ನು ಖುದ್ದು ಕೊಟ್ಟಿರುತ್ತೇನೆ. ಹೆಬ್ಬೆಟ್ಟಿನ ಗುರುತು ಪಡೆದಿರುತ್ತೇನೆ." ಕೆಳಗಿನ ಸಹಿ ನೋಡುವ ಅಗತ್ಯವೇ ನನಗೆ ಬೀಳಲಿಲ್ಲ. ನನ್ನ ಶಾಲೆಯ ಮಾರ್ಕ್ಸ್ ಕಾರ್ಡುಗಳ ಮೇಲೆಲ್ಲ ಇದ್ದ ಅಕ್ಷರ ಅದು.

ಸುಬ್ಬಮ್ಮ ಏಳನೇ ಕ್ಲಾಸು ಓದಿದ್ದಾರೆ ಅಪ್ಪಾ. ನಮ್ಮ ವಕಾಲತ್ತಿಗೆ ದುಂಡಗೆ ಸಹಿ ಹಾಕಿದರು. ಸಹಿ ಬರುವವರು ಹೆಬ್ಬೆಟ್ಟು ಯಾಕೆ ಒತ್ತುತ್ತಾರೆ?

ಕೇಳುವುದು ಒಂದೇ. ಅವತ್ತು ನೀನು ಆಕೆಯನ್ನು ಕಣ್ಣಾರೆ ನೋಡಿದೆಯಾ?

ನಿನ್ನ
ಧನು


ಅರಕಲಗೂಡು
19 ಡಿಸೆಂಬರ್ 2024

ಚಿರಂಜೀವಿ ಧನುಶ್ರೀಗೆ,

ಕಾಗದ ಬಂತು. ಪೋಸ್ಟ್‌ಮ್ಯಾನ್ "ಏನ್ಸಾ, ನಿಮಗೇ ನೋಟೀಸಾ" ಎಂದು ನಗುತ್ತಾ ಕೊಟ್ಟ. ನನಗೆ ನಗು ಬರಲಿಲ್ಲ.

ನೀನು ಬರೆದಿರುವುದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆಗ ವಾರಕ್ಕೆ ನಲವತ್ತು ಐವತ್ತು ಕಾಗದ ಜಾರಿ ಮಾಡುತ್ತಿದ್ದೆ. ಯಾವ ಊರು, ಯಾವ ಮನೆ, ಯಾವ ಹೆಂಗಸು ಎಂದು ನೆನಪಿಟ್ಟುಕೊಳ್ಳಲು ಸಾಧ್ಯವೇ? ಮೂವತ್ಮೂರು ವರ್ಷ ಕೆಲಸ ಮಾಡಿದ್ದೇನೆ. ಒಂದು ಮೆಮೋ ಇಲ್ಲ, ಒಂದು ವಿಚಾರಣೆ ಇಲ್ಲ. ನಮ್ಮ ಕೇರಿಯಲ್ಲಿ ಮೊದಲು ಸರ್ಕಾರಿ ಕೆಲಸಕ್ಕೆ ಸೇರಿದವನು ನಾನು. ಷರಾದಲ್ಲಿ ಏನು ಬರೆದಿದ್ದೇನೋ ಅದೇ ನಡೆದಿದ್ದು. ಕೋರ್ಟು ಅದನ್ನು ಒಪ್ಪಿಯೂ ಆಗಿದೆ.

ಕಾನೂನು ಓದಿದವಳು ನೀನು, ಒಂದು ಬುದ್ಧಿಮಾತು ಹೇಳಿದರೆ ಬೇಜಾರು ಮಾಡಿಕೊಳ್ಳಬೇಡ. ನನ್ನ ಕೈಬರಹ ಇರುವ ಕಡತ ನಿನ್ನ ಕೈಯಲ್ಲಿ ಇರುವುದು ಸರಿಯಲ್ಲ. ಮೇಡಂಗೆ ಹೇಳಿ ಬೇರೆಯವರಿಗೆ ಕೊಡಿಸು.

ನಿಮ್ಮವ್ವನ ಮಂಡಿ ನೋವು ಹಾಗೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ ಎಂದು ಕೇಳುತ್ತಾಳೆ. ಹಾಸ್ಟೆಲ್ಲಿನ ಊಟ ಸೇರದಿದ್ದರೆ ಹೇಳು, ಹುರಿಟ್ಟು ಮಾಡಿ ಕಳಿಸುತ್ತಾಳಂತೆ.

ಇಂತಿ
ಶಿವರಾಜು


ಹಾಸನ
6 ಜನವರಿ 2025

ಅಪ್ಪಾ,

ಕಡತ ಮೇಡಂಗೆ ವಾಪಸು ಕೊಟ್ಟೆ. ನೀನು ಹೇಳಿದೆ ಎಂದಲ್ಲ, ಅಪ್ಪನ ಸಹಿ ಇದೆ ಎಂದು ನಾನೇ ಹೇಳಿ ಕೊಟ್ಟೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಇನ್ನು ಆ ಕೇಸಿನ ವಿಷಯ ನನ್ನ ಮುಂದೆ ಮಾತಾಡುವುದಿಲ್ಲ ಎಂದರು. ನಿನ್ನನ್ನು ಸಾಕ್ಷಿಯಾಗಿ ಕರೆಸುತ್ತೇವೆ ಎಂಬ ಒಂದು ಮಾತು ಮಾತ್ರ ಹೇಳಿದರು. ಆದ್ದರಿಂದ ಈಗ ಬರೆಯುತ್ತಿರುವುದು ವಕೀಲೆ ಅಲ್ಲ.

ನಾನು ಕೇಳಿದ್ದು ನೋಡಿದೆಯಾ ಎಂದು. ನೀನು ಬರೆದಿದ್ದು ಮೆಮೋ ಇಲ್ಲ, ವಿಚಾರಣೆ ಇಲ್ಲ ಎಂದು. ಕೋರ್ಟಿನಲ್ಲಿ ಸಾಕ್ಷಿಗಳು ಹೀಗೆ ಉತ್ತರ ಕೊಟ್ಟಾಗ ನಮಗೆಲ್ಲ ಒಳಗೊಳಗೇ ಖುಷಿಯಾಗುತ್ತದೆ. ಎಲ್ಲಿ ಮುಚ್ಚಿಡುತ್ತಿದ್ದಾರೆ ಎಂದು ಗೊತ್ತಾಗುತ್ತದಲ್ಲ. ಈ ಸಲ ಖುಷಿಯಾಗಲಿಲ್ಲ.

ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರು. ಎಲ್ಲರೂ ಬೇಸಾಯ, ಕೂಲಿ, ಅಂಗಡಿ ಎಂದರು. ನಾನು ಎದ್ದು ನಿಂತು, ನಮ್ಮಪ್ಪನ ಕೈಲಿ ಕೋರ್ಟಿನ ಕಾಗದ ಇದ್ದರೆ ಯಾವ ಮನೆಯವರೂ ತಡೆಯುವ ಹಾಗಿಲ್ಲ ಎಂದೆ. ನೀನು ಹೇಳಿಕೊಟ್ಟ ಮಾತು ಅದು. ಲಾ ಕಾಲೇಜಿನಲ್ಲಿ ಸರ್ಕಾರಿ ನೌಕರ ಮಾಡಿದ ಕೆಲಸ ಕ್ರಮವಾಗಿಯೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಿಕೊಳ್ಳಬಹುದು ಎಂಬ ನಿಯಮ ಓದಿದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತಾ? ಇಡೀ ಕಾನೂನು ನಮ್ಮಪ್ಪನನ್ನು ನಂಬುತ್ತದೆ ಎಂದುಕೊಂಡಿದ್ದೆ. ಆ ನಂಬಿಕೆಯಿಂದಲೇ ಸುಬ್ಬಮ್ಮನ ಗದ್ದೆ ಹೋಗಿದೆ. ಕಾನೂನು ಆಕೆಯನ್ನು ಒಂದು ಮಾತೂ ಕೇಳಲಿಲ್ಲ, ನಿನ್ನನ್ನು ನಂಬಿ ಸುಮ್ಮನಾಯಿತು.

ಹುರಿಟ್ಟು ಬೇಡ ಎಂದು ಅವ್ವನಿಗೆ ಹೇಳು. ಉತ್ತರ ಇದ್ದರೆ ಬರೆ. ಇಲ್ಲದಿದ್ದರೆ ಸ್ವಲ್ಪ ದಿನ ಫೋನ್ ಮಾಡುವುದೂ ಬೇಡ.

ಧನು


ಅರಕಲಗೂಡು
17 ಫೆಬ್ರವರಿ 2025

ಧನು, ಮಗಳೇ,

ಮೊನ್ನೆ ಗುರುವಾರ ನನಗೆ ಸಮನ್ಸ್ ಬಂತು. ತಂದವನು ಅನಿಲ್‌ಕುಮಾರ್ ಎಂಬ ಹೊಸ ಅಮೀನ. ಬೈಕ್ ನಿಲ್ಲಿಸಿ, ಒಳಗೆ ಬಂದು, ಕುರ್ಚಿಯ ಮೇಲೆ ಕೂತು, ನಿಮ್ಮವ್ವ ಕೊಟ್ಟ ಕಾಫಿ ಕುಡಿದ. ನಾನು ಸಹಿ ಹಾಕಿದೆ. ಎಲ್ಲ ಸೇರಿ ಹತ್ತು ನಿಮಿಷ. ಈ ಕೆಲಸ ಇಷ್ಟು ಸುಲಭ ಎಂದು ನನಗೆ ಮೂವತ್ಮೂರು ವರ್ಷದಲ್ಲಿ ಗೊತ್ತಾಗಿರಲಿಲ್ಲ.

ಅವನು ಹೋದ ಮೇಲೆ ನಿನ್ನ ಎರಡು ಕಾಗದವನ್ನೂ ತೆಗೆದು ಓದಿದೆ. ನೀನು ಕೇಳಿದ್ದಕ್ಕೆ ಉತ್ತರ, ನೋಡಲಿಲ್ಲ. ಆಕೆ ಕಪ್ಪಗಿದ್ದಾರೋ ಕೆಂಪಗಿದ್ದಾರೋ ನನಗೆ ಗೊತ್ತಿಲ್ಲ. ನೆನಪಿಲ್ಲ ಎಂದು ಬರೆದಿದ್ದೂ ಸುಳ್ಳು. ಎಲ್ಲ ನೆನಪಿದೆ.

ದೊಡ್ಡಮನೆಯ ಮುಂದೆ ಕಾಂಪೌಂಡ್, ಅದಕ್ಕೊಂದು ಕಬ್ಬಿಣದ ಗೇಟು. ಗೇಟಿನಿಂದ ಜಗುಲಿಗೆ ಮೂವತ್ತು ಹೆಜ್ಜೆ ಇರಬಹುದು. ಗೇಟಿನ ಹೊರಗೆ ಹುಲ್ಲಿನ ಮೆದೆ, ಅದರ ಪಕ್ಕದಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನ ಹತ್ತಿರ ನನ್ನ ಜಾಗ. ಪ್ರತಿ ಊರಿನಲ್ಲೂ ನನಗೆ ಒಂದು ಜಾಗ ಇತ್ತು ಕಣವ್ವ. ಒಂದೂರಿನಲ್ಲಿ ಹಾಲಿನ ಡೈರಿಯ ಕಟ್ಟೆ, ಇನ್ನೊಂದೂರಿನಲ್ಲಿ ಗಾಡಿ ಬಿಡುವ ಚಪ್ಪರ. ಯಾರೂ ಬೋರ್ಡು ಹಾಕಿರಲಿಲ್ಲ. ಎಲ್ಲಿ ನಿಲ್ಲಬೇಕು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವತ್ತು ಸೈಕಲ್ ನಿಲ್ಲಿಸಿ, ಸುಬ್ಬಮ್ಮ ಎನ್ನುವವರಿಗೆ ಕೋರ್ಟಿನಿಂದ ಕಾಗದ ಬಂದಿದೆ ಎಂದು ಹೆಸರು ಹಿಡಿದು ಮೂರು ಸಲ ಕೂಗಿದೆ. ರಂಗಸ್ವಾಮಿ ಹೊರಗೆ ಬಂದ. "ಆ ಕಲ್ಮೇಲೆ ಮಡಗ್ಲಾ ಶಿವರಾಜ. ನಮ್ಮತ್ಗೆ ಈಚೆ ಬರಕಿಲ್ಲ, ನಾನ್ ಕೊಡ್ತೀನಿ" ಎಂದ. ಕೇಸು ಹಾಕಿದವನೇ ಅವನು. ವಾದಿಯ ಕೈಗೆ ಪ್ರತಿವಾದಿಯ ಸಮನ್ಸ್ ಕೊಡಬಾರದು ಎಂಬುದು ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕಲಿಸಿದ ಪಾಠ. ಆದರೂ ಮಡಗಿದೆ. ಪಕ್ಕದಲ್ಲಿ ಇಂಕ್ ಪ್ಯಾಡ್ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅವನು ಎತ್ತಿಕೊಂಡು ಒಳಗೆ ಹೋಗಿ ಐದು ನಿಮಿಷಕ್ಕೆ ವಾಪಸು ತಂದು ಅಲ್ಲೇ ಇಟ್ಟ. ಹೆಬ್ಬೆಟ್ಟಿನ ಗುರುತು ಅಗಲವಾಗಿತ್ತು. ಇದು ಗಂಡಸಿನದು ಎಂದು ಆಗಲೇ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಬಿಟ್ಟು ಷರಾ ಬರೆದೆ.

ಹೊರಡುವಾಗ ಒಂದು ಚೀಲ ಅವರೆಕಾಯಿ ಕೊಡಿಸಿದ. ಲಂಚ ಎಂದು ನಾನು ಅಂದುಕೊಳ್ಳಲಿಲ್ಲ, ಹೊಲದ್ದು ಎಂದು ತಂದೆ. ನಿಮ್ಮವ್ವ ಹಿತಕಿದ ಬೇಳೆ ಸಾರು ಮಾಡಿದಳು. ನಿನಗೆ ಆಗ ಏಳು ವರ್ಷ. ಎರಡು ಸಲ ಹಾಕಿಸಿಕೊಂಡು ಉಂಡೆ.

ಬಾಗಿಲಿಗೆ ಅಂಟಿಸಿ ಬರಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಪ್ರತಿವಾದಿ ಸಿಗದಿದ್ದರೆ, ತೆಗೆದುಕೊಳ್ಳದಿದ್ದರೆ ಮನೆ ಬಾಗಿಲಿಗೆ ಅಂಟಿಸು ಎಂದು ಕಾನೂನಿನಲ್ಲಿದೆ. ಅಂಟಿಸಬೇಕಾದರೆ ಬಾಗಿಲ ತನಕ ಹೋಗಬೇಕಲ್ಲ. ಕಾನೂನು ಬರೆದವರು ದೊಡ್ಡವರು, ಅವರ ಮೇಲೆ ನನಗೆ ಗೌರವ ಇದೆ. ಆದರೆ ಅವರು ಅಮೀನ ಎಂದು ಮನಸ್ಸಿನಲ್ಲಿ ಯಾರನ್ನೋ ಇಟ್ಟುಕೊಂಡು ಬರೆದರಲ್ಲ, ಅವನಿಗೆ ಕೇರಿ ಇರಲಿಲ್ಲ.

ಹೊಸತರಲ್ಲಿ ಒಂದು ಸಲ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ. ಮನೆಯವರು ಹತ್ತಿರ ಬರಗೊಡದ ಕಾರಣ ಹೊರಗೆ ನಿಂತು ಜಾರಿ ಮಾಡಿರುತ್ತೇನೆ ಎಂದು. ಶಿರಸ್ತೇದಾರರು ಕರೆಸಿದರು. ಅವರು ಕೆಟ್ಟವರೇನಲ್ಲ. "ಇಂಗೆಲ್ಲ ಬರೀಬ್ಯಾಡ ಕಣಯ್ಯ. ಬರುದ್ರೆ ಕೇಸಾಯ್ತದೆ, ನೀನೇ ಸಾಕ್ಷಿ ಏಳ್ಬೇಕು, ಆಮೇಲೆ ಅದೇ ಊರ್ಗೆ ನೀನೇ ಓಗ್ಬೇಕು" ಎಂದು ಹೇಳಿ, ಖುದ್ದು ಕೊಟ್ಟಿರುತ್ತೇನೆ ಎಂಬ ವಾಕ್ಯವನ್ನು ಬಾಯಲ್ಲಿ ಹೇಳಿ ಬರೆಸಿದರು. ಆಮೇಲೆ ಆ ವಾಕ್ಯ ಕೈಗೇ ಕೂತುಬಿಟ್ಟಿತು.

ಸಂಜೆ ಮನೆಗೆ ಬಂದಾಗ ಇವತ್ತು ಯಾರ ಮನೆಗೆ ಹೋಗಿದ್ದೆ ಎಂದು ನೀನು ಕೇಳುತ್ತಿದ್ದೆ. ಹೊರಗೆ ನಿಂತು ಬಂದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಹೇಳಿದ್ದನ್ನು ನಂಬಿಕೊಂಡು ನೀನು ಲಾ ಓದಿದೆ. ಕೋರ್ಟಿನ ಭಯ ನನಗಿಲ್ಲ. ಇನ್ನು ಮೇಲೆ ನೀನು ನನ್ನನ್ನು ನೋಡಿದಾಗಲೆಲ್ಲ ಆ ಹುಲ್ಲಿನ ಮೆದೆಯ ಪಕ್ಕ ನಿಂತವನನ್ನು ನೋಡುತ್ತೀಯಲ್ಲ, ಅದೇ ಸಂಕಟ.

ಸಾಕ್ಷಿ ಹೇಳುವಾಗ ಏನು ಹೇಳಲಿ? ನೀನೇ ತಿಳಿಸು.

ನಿನ್ನ ಅಪ್ಪ
ಶಿವರಾಜು


ಹಾಸನ
24 ಫೆಬ್ರವರಿ 2025

ಅಪ್ಪಾ,

ಸಾಕ್ಷಿಗೆ ಹೇಳಿಕೊಡಬಾರದು. ಏನು ಹೇಳಲಿ ಎಂಬುದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಕೇಸು ಮುಗಿಯುವ ತನಕ ಅದರ ಬಗ್ಗೆ ನೀನೂ ಏನೂ ಬರೆಯಬೇಡ.

ನನಗೆ ಆ ಅವರೆಕಾಯಿ ಸಾರಿನ ನೆನಪಿಲ್ಲ. ಆದರೂ ಎರಡು ದಿನ ಊಟ ಸೇರಲಿಲ್ಲ. ಕೋಪ ಬಂದಿದೆ, ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ರಂಗಸ್ವಾಮಿ ಇಲ್ಲ. ಆ ಶಿರಸ್ತೇದಾರರೂ ಹೋಗಿರಬೇಕು. ಕೋಪ ಮಾಡಿಕೊಳ್ಳಲು ಉಳಿದಿರುವವನು ನೀನೊಬ್ಬನೇ, ಅದಕ್ಕೇ ಎಲ್ಲವೂ ನಿನ್ನ ಮೇಲೆ ಬರುತ್ತಿದೆ. ಇದು ನ್ಯಾಯವಲ್ಲ ಎಂದು ನನಗೂ ಗೊತ್ತು.

ನಿನ್ನ ಬಗ್ಗೆ ನನಗೆ ನಾಚಿಕೆ ಇಲ್ಲ. ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಅನುಮಾನ ಪಡಲಿಲ್ಲವಲ್ಲ, ಅದಕ್ಕೆ ನಾಚಿಕೆಯಾಗುತ್ತಿದೆ. ನಮ್ಮ ಕೇರಿಯಲ್ಲೇ ಬೆಳೆದವಳು ನಾನು. ನಮ್ಮ ಊರಿನಲ್ಲಿ ಯಾರ ಮನೆಗೆ ಹೋಗಬಹುದು, ಯಾರ ಮನೆಗೆ ಹೋಗಬಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೋರ್ಟಿನ ಕಾಗದ ಹಿಡಿದರೆ ನಿನಗೆ ಮಾತ್ರ ಅದು ಅನ್ವಯಿಸುವುದಿಲ್ಲ ಎಂದು ನಂಬಿದ್ದೆ. ನಂಬಲು ಇಷ್ಟವಿತ್ತು.

ಧನು


ಅರಕಲಗೂಡು
9 ಏಪ್ರಿಲ್ 2025

ಧನು,

ಸಾಕ್ಷಿ ಹೇಳಿ ಮುಗಿಯಿತು, ಇನ್ನು ಬರೆಯಬಹುದು ಎಂದುಕೊಂಡಿದ್ದೇನೆ. ನೀನು ಬರಬಾರದು ಎಂದು ನಾನೇ ಹೇಳಿದ್ದೆ, ಬರಲಿಲ್ಲ. ಒಳ್ಳೆಯದೇ ಆಯಿತು.

ನ್ಯಾಯಾಧೀಶರು ಚಿಕ್ಕ ವಯಸ್ಸಿನವರು, ಗೌರವದಿಂದ ಮಾತಾಡಿಸಿದರು. ಕುಳಿತು ಹೇಳಿ ಎಂದರು. ನಾನು ನಿಂತೇ ಹೇಳಿದೆ. ಮೇಡಂ ಕೇಳಿದ್ದಕ್ಕೆಲ್ಲ ನಿನಗೆ ಬರೆದ ಹಾಗೆಯೇ ಉತ್ತರ ಕೊಟ್ಟೆ. ಗೇಟು, ಕಲ್ಲಿನ ಹತ್ತಿರ ನನಗಿದ್ದ ಜಾಗ, ಮೂರು ಸಲ ಕೂಗಿದ್ದು, ರಂಗಸ್ವಾಮಿ ಒಳಗೆ ತೆಗೆದುಕೊಂಡು ಹೋಗಿದ್ದು, ಹೆಬ್ಬೆಟ್ಟು ಅಗಲವಿದ್ದದ್ದು. ಅವರೆಕಾಯಿಯನ್ನೂ ಹೇಳಿದೆ. ಯಾರೂ ಕೇಳಿರಲಿಲ್ಲ, ನಾನೇ ಹೇಳಿದೆ.

ಆಮೇಲೆ ಮೋಹನ್‌ಕುಮಾರನ ವಕೀಲರು ಎದ್ದರು. ಅವರು ಕಿರುಚಲಿಲ್ಲ, ಮೆತ್ತಗೆ ಕೇಳಿದರು. ಗೇಟಿಗೆ ಬೀಗ ಇತ್ತೇ ಎಂದರು. ಇರಲಿಲ್ಲ. ನಾಯಿ ಇತ್ತೇ? ಇರಲಿಲ್ಲ. ಒಳಗೆ ಬರಬೇಡ ಎಂದು ಯಾರಾದರೂ ತಡೆದರೇ ಎಂದು ಕೇಳಿದರು.

ಅಲ್ಲಿ ನಾನು ಹೌದು ಎನ್ನಬಹುದಿತ್ತು. ಪ್ರಮಾಣ ಮಾಡಿದ್ದೆ. ನಿಜವಾಗಿ ಯಾರೂ ತಡೆದಿರಲಿಲ್ಲ. "ಯಾರೂ ತಡೀಲಿಲ್ಲ ಸಾ" ಎಂದೆ.

"ತಡೀದೇ ಇದ್ಮೇಲೆ ಯಾಕೆ ಓಗ್ಲಿಲ್ಲ?"

ಧನು, ಇದಕ್ಕೆ ಏನು ಉತ್ತರ ಕೊಡಬೇಕು? ಅಲ್ಲಿದ್ದವರೆಲ್ಲರಿಗೂ ಉತ್ತರ ಗೊತ್ತಿತ್ತು. ಕೇಳಿದ ವಕೀಲರಿಗೂ ಗೊತ್ತಿತ್ತು, ಅವರೂ ಹಳ್ಳಿಯಿಂದ ಬಂದವರೇ. ಬಾಯಲ್ಲಿ ಹೇಳಬೇಕು ಎಂದಾಗ ಮಾತ್ರ ಹೊರಡಲಿಲ್ಲ. ನ್ಯಾಯಾಧೀಶರು ಸ್ವಲ್ಪ ಹೊತ್ತು ಕಾದು, "ಸಾಕ್ಷಿ ಉತ್ತರಿಸಲಿಲ್ಲ" ಎಂದು ಟೈಪು ಮಾಡಿಸಿದರು.

ನನ್ನದಾದ ಮೇಲೆ ಸುಬ್ಬಮ್ಮ ಬಂದರು. ಆಕೆಯನ್ನು ಮೊದಲ ಸಲ ನೋಡಿದೆ. ಸಣ್ಣ ಆಳು, ಸೆರಗು ಹೊದ್ದುಕೊಂಡಿದ್ದರು. ಅವತ್ತು ಕೋರ್ಟಿನಿಂದ ಯಾರಾದರೂ ಬಂದಿದ್ದರೇ, ನಿಮ್ಮ ಹೆಸರು ಹಿಡಿದು ಕೂಗಿದರೇ ಎಂದು ಅದೇ ವಕೀಲರು ಕೇಳಿದರು. "ಯಾರೂ ಬರ್ಲಿಲ್ಲ, ಯಾರೂ ಕೂಗ್ಲಿಲ್ಲ" ಎಂದರು ಆಕೆ. ನನ್ನ ಕಡೆ ತಿರುಗಲಿಲ್ಲ.

ಮೂರು ಸಲ ಕೂಗಿದ್ದೆ. ಕೇಳಿಸಲಿಲ್ಲವೇನೋ. ಮನೆ ದೊಡ್ಡದು.

ನಿನ್ನ ಅಪ್ಪ


ಹಾಸನ
20 ಜೂನ್ 2025

ಅಪ್ಪಾ,

ಆದೇಶ ಬಂತು. ಸುಬ್ಬಮ್ಮ ಗೆದ್ದರು. ಹಳೇ ಡಿಕ್ರಿ ರದ್ದಾಗಿದೆ, ಕೇಸು ಮೊದಲಿನಿಂದ ನಡೆಯಬೇಕು, ಅಲ್ಲಿಯ ತನಕ ಗದ್ದೆಯನ್ನು ಯಾರೂ ಮುಟ್ಟುವ ಹಾಗಿಲ್ಲ. ಸಹಿ ಬರುವ ಹೆಂಗಸಿನ ಹೆಸರಿನಲ್ಲಿ ಯಾರದೋ ಹೆಬ್ಬೆಟ್ಟು ಬಿದ್ದಿರುವುದೇ ಸಾಕು ಎಂದು ನ್ಯಾಯಾಧೀಶರು ಬರೆದಿದ್ದಾರೆ. ಮೇಡಂ ಸ್ವೀಟು ಹಂಚಿದರು. ನಾನೂ ತಿಂದೆ, ಆದೇಶದ ಹನ್ನೊಂದನೇ ಪುಟ ಓದುವ ತನಕ.

ಅದನ್ನು ನಿನಗೆ ಬೇರೆ ಯಾರೋ ಓದಿ ಹೇಳುವ ಬದಲು ನಾನೇ ಬರೆಯುತ್ತೇನೆ. "ಸದರಿ ಅಮೀನನು ಪ್ರತಿವಾದಿಯ ಮನೆಯ ಬಳಿಗೆ ಹೋದ ಬಗ್ಗೆಯಾಗಲೀ, ಆಕೆಯನ್ನು ಕರೆದ ಬಗ್ಗೆಯಾಗಲೀ ನಂಬಲರ್ಹವಾದ ಸಾಕ್ಷ್ಯವಿರುವುದಿಲ್ಲ. ಕರ್ತವ್ಯದಲ್ಲಿ ಘೋರ ನಿರ್ಲಕ್ಷ್ಯ ತೋರಿ ಸುಳ್ಳು ಷರಾ ಬರೆದು, ಈಗ ಅದನ್ನು ಮರೆಮಾಚಲು ಜಾತಿಯ ಕಾರಣವನ್ನು ಮುಂದೆ ಮಾಡಿರುತ್ತಾನೆ."

ನಾಲ್ಕು ಸಲ ಓದಿದೆ. ಇಪ್ಪತ್ತೆರಡು ವರ್ಷದ ಹಿಂದೆ ನೀನು ಸುಳ್ಳು ಬರೆದಾಗ ಕೋರ್ಟು ನಂಬಿತು. ಈಗ ನಿಜ ಹೇಳಿದರೆ ನಂಬಲಿಲ್ಲ. ಆ ಗೇಟಿನ ಮಾತು ಕೊನೆಗೂ ಒಂದು ತೀರ್ಪಿನೊಳಗೆ ಬಂತು, ಬಂದಿದ್ದು ನಿನ್ನ ನೆಪ ಎಂದು. ಈ ಪುಸ್ತಕಗಳನ್ನೆಲ್ಲ ಮಾರಿ ಬೇರೆ ಏನಾದರೂ ಮಾಡೋಣ ಎನ್ನಿಸುವಷ್ಟು ಸಿಟ್ಟು ಬಂದಿದೆ.

ನಿನ್ನ ಪೆನ್ಷನ್‌ಗೆ ಏನೂ ಆಗುವುದಿಲ್ಲ, ವಿಚಾರಿಸಿದೆ. ಆದರೆ ಈ ಎರಡು ವಾಕ್ಯ ತೆಗೆಸಲು ಹೈಕೋರ್ಟಿಗೆ ಹೋಗಬಹುದು. ನನ್ನ ಸ್ನೇಹಿತೆ ಮಾನಸಾ ಅಲ್ಲಿ ವಕೀಲೆ, ನಡೆಸುತ್ತೇನೆ ಎಂದಿದ್ದಾಳೆ. ವಕಾಲತ್ತು ಇದರ ಜೊತೆಗಿದೆ, ಸಹಿ ಹಾಕಿ ಕಳಿಸು. ನೀನು ಅವತ್ತು ಹೋಗಿದ್ದೆ, ಕೂಗಿದ್ದೆ ಎಂದು ಹೇಳುವವರು ಒಬ್ಬರು ಸಿಕ್ಕಿದರೆ ಸಾಕು. ಮೋಹನ್‌ಕುಮಾರ್ ಹೇಳಿದರೆ ಯಾರೂ ನಂಬುವುದಿಲ್ಲ, ಅದು ಅವನಿಗೇ ಲಾಭದ ಮಾತು. ಅಕ್ಕಪಕ್ಕದವರು ಯಾರಾದರೂ ಇದ್ದರೇ? ಯೋಚನೆ ಮಾಡು ಅಪ್ಪಾ.

ಧನು


ಚನ್ನರಾಯಪಟ್ಟಣ
11 ಜುಲೈ 2025

ಅಮೀನರಾಗಿದ್ದ ಶಿವರಾಜು ಅವರಿಗೆ ಬಿಳಿಗೆರೆಕೊಪ್ಪಲಿನ ಸುಬ್ಬಮ್ಮ ಮಾಡುವ ನಮಸ್ಕಾರ.

ಕಣ್ಣಿನ ಆಪರೇಷನ್ ಆಗಿ ಮಗಳು ಅನುಶ್ರೀಯ ಮನೆಯಲ್ಲಿದ್ದೇನೆ. ಬರೆದು ಬಹಳ ವರ್ಷವಾಯಿತು, ಅಕ್ಷರ ಸೊಟ್ಟ ಇದ್ದರೆ ತಪ್ಪು ತಿಳಿಯಬೇಡಿ. ನಿಮ್ಮ ವಿಳಾಸ ಕೋರ್ಟಿನ ಕಾಗದದಲ್ಲಿತ್ತು. ಆದೇಶವನ್ನು ಅನುಶ್ರೀ ಪೂರ್ತಿ ಓದಿ ಹೇಳಿದಳು. ನಿಮ್ಮ ಬಗ್ಗೆ ಬರೆದಿರುವುದನ್ನೂ ಓದಿದಳು. ಅವತ್ತಿನಿಂದ ನನಗೆ ಸಮಾಧಾನ ಇಲ್ಲ.

ನೀವು ಕೂಗಿದ್ದು ನನಗೆ ಕೇಳಿಸಿತ್ತು.

ನಡುಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಯಜಮಾನರು ಹೋದ ಮೇಲೆ ಆ ಮನೆಯಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ. ಅತ್ತಿಗೆ, ದೊಡ್ಡವ್ವ, ಇಷ್ಟೇ. ಹೊರಗಿನಿಂದ ನನ್ನ ಹೆಸರು ಕೇಳಿ ಮೊರ ಕೆಳಗಿಟ್ಟೆ. ಎದ್ದು ಕಿಟಕಿಯ ಹತ್ತಿರ ಬಂದೆ. ನೀವು ಕಲ್ಲಿನ ಪಕ್ಕ ಬಿಸಿಲಲ್ಲಿ ನಿಂತಿದ್ದಿರಿ. ಗಂಡ ಇಲ್ಲದವಳು ಜಗುಲಿ ಇಳಿಯಬಾರದು ಎಂದಿತ್ತು, ಅದರಲ್ಲೂ ನಿಮ್ಮವರ ಎದುರಿಗೆ. ಇಳಿಯಲಿಲ್ಲ. ರಂಗಸ್ವಾಮಿ ಒಳಗೆ ಬಂದು "ಕಂದಾಯದ ಕಾಗ್ದ ಅತ್ಗೆ, ನಾನ್ ನೋಡ್ಕತೀನಿ" ಎಂದ. ನಂಬಿದೆ. ನಂಬದೆ ನಾನು ಎಲ್ಲಿಗೆ ಹೋಗಬೇಕಿತ್ತು?

ಕೋರ್ಟಿನಲ್ಲಿ ಯಾರೂ ಕೂಗಲಿಲ್ಲ ಎಂದು ಹೇಳಿದ್ದು ಮೇಡಂ ಹೇಳಿಕೊಟ್ಟಿದ್ದಲ್ಲ. ಕೇಳಿಸಿತು ಎಂದರೆ ನೀನು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಗದ್ದೆ ಕಿತ್ತುಕೊಳ್ಳುತ್ತಾರೆ ಎಂದು ಹೆದರಿಕೆಯಾಯಿತು. ಆಫೀಸಿನಲ್ಲಿ ಒಂದು ಹುಡುಗಿ ನನ್ನನ್ನು ಕೂರಿಸಿ ನೀರು ಕೊಟ್ಟಿದ್ದಳು. ಅವಳು ನಿಮ್ಮ ಮಗಳು ಎಂದು ಆಮೇಲೆ ತಿಳಿಯಿತು.

ನೀವು ಹೇಳಿ ಎಂದರೆ ಕೋರ್ಟಿಗೆ ಹೋಗಿ ಹೇಳುತ್ತೇನೆ. ಗದ್ದೆ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೂ ಹೇಳುತ್ತೇನೆ.

ಇಂತಿ
ಸುಬ್ಬಮ್ಮ


ಅರಕಲಗೂಡು
18 ಜುಲೈ 2025

ಸುಬ್ಬಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಸೇರಿತು. ಕೋರ್ಟಿಗೆ ಹೋಗಬೇಡಿ. ಮೋಹನ್‌ಕುಮಾರನ ವಕೀಲರು ಅಷ್ಟಕ್ಕೇ ಕಾದಿರುತ್ತಾರೆ. ಅವರ ಕೈಗೆ ನಿಮ್ಮ ಮಾತು ಸಿಕ್ಕರೆ ಏನಾಗುತ್ತದೆ ಎಂದು ನಾನು ಬೇಕಾದಷ್ಟು ನೋಡಿದ್ದೇನೆ.

ಕಿಟಕಿಯಿಂದ ನೋಡಿದಿರಿ ಎಂದು ಓದಿದಾಗ ನನಗೆ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ನಾನು ಬರೆದ ಸುಳ್ಳಿನಿಂದ ನಿಮ್ಮ ಗದ್ದೆ ಹೋಯಿತು. ನೀವು ಹೇಳಿದ ಸುಳ್ಳಿನಿಂದ ಸದ್ಯಕ್ಕೆ ಉಳಿಯಿತು. ಎರಡಕ್ಕೂ ಕೋರ್ಟಿನ ಮೊಹರು ಬಿದ್ದಿದೆ. ಇದರಲ್ಲಿ ಯಾವುದು ನ್ಯಾಯ ಎಂದು ಹೇಳಲು ನನಗೆ ಬರುವುದಿಲ್ಲ. ಗದ್ದೆ ನಿಮ್ಮದು ಎಂಬುದು ಮಾತ್ರ ಗೊತ್ತು.

ನಿಮ್ಮ ಕಾಗದ ನನ್ನ ಮನೆಯಲ್ಲಿರುವುದು ನಿಮಗೆ ಒಳ್ಳೆಯದಲ್ಲ. ಇದರ ಜೊತೆ ವಾಪಸು ಇಟ್ಟಿದ್ದೇನೆ. ಒಲೆಗೆ ಹಾಕಿ. ಕಣ್ಣು ಜೋಪಾನ.

ಶಿವರಾಜು


ಅರಕಲಗೂಡು
20 ಜುಲೈ 2025

ಧನು,

ಒಂದು ತಿಂಗಳಿಂದ ಉತ್ತರ ಬರೆಯಲಿಲ್ಲ ಎಂದು ನಿಮ್ಮವ್ವನ ಹತ್ತಿರ ಬೈದೆಯಂತೆ. ಬೈಯಬೇಕಾದ್ದೇ. ನೀನು ಕಳಿಸಿದ ವಕಾಲತ್ತನ್ನು ಸಹಿ ಹಾಕದೆ ಇದರೊಳಗೆ ಇಟ್ಟಿದ್ದೇನೆ. ಹೈಕೋರ್ಟು ಬೇಡ. ಮಾನಸಾಗೆ ನನ್ನ ಥ್ಯಾಂಕ್ಸ್ ಹೇಳು.

ಭಯಪಟ್ಟು ಬೇಡ ಎನ್ನುತ್ತಿಲ್ಲ, ಸುಸ್ತಾಗಿಯೂ ಅಲ್ಲ. ಕಾರಣ ಇದೆ. ಅದನ್ನು ಕೇಳಬೇಡ. ಹೇಳಿದರೆ ನೀನು ವಕೀಲೆಯಾಗಿ ಕೇಳಿಸಿಕೊಳ್ಳಬೇಕಾಗುತ್ತದೆ, ಆಮೇಲೆ ಸುಮ್ಮನಿರಲು ನಿನಗೆ ಆಗುವುದಿಲ್ಲ. ಇನ್ನು ನಿನ್ನಿಂದ ಏನನ್ನೂ ಮುಚ್ಚಿಡಬಾರದು ಎಂದು ಫೆಬ್ರವರಿಯಲ್ಲಿ ಅಂದುಕೊಂಡಿದ್ದೆ. ಆರು ತಿಂಗಳೂ ಆಗಲಿಲ್ಲ ನೋಡು, ಮತ್ತೆ ಮುಚ್ಚಿಡುತ್ತಿದ್ದೇನೆ. ಈ ಸಲ ನನ್ನ ಮಾನಕ್ಕಾಗಿ ಅಲ್ಲ.

ಪುಸ್ತಕ ಮಾರುವ ಮಾತು ಇನ್ನೊಮ್ಮೆ ಆಡಬೇಡ. ನಾಳೆ ಆ ಕುರ್ಚಿಯಲ್ಲಿ ನೀನು ಕೂತರೆ, ಎದುರಿಗೆ ನಿಂತವನು ಉತ್ತರಿಸಲಿಲ್ಲ ಎಂದು ಟೈಪು ಮಾಡಿಸುವ ಮೊದಲು ಇನ್ನೂ ಸ್ವಲ್ಪ ಹೊತ್ತು ಕಾಯಬಹುದು. ಅದಕ್ಕಾದರೂ ಓದು.

ಸುಳ್ಳು ಷರಾ ಬರೆದೆ ಎಂದಿದ್ದಾರಲ್ಲ, ಅದು ನಿಜ. ಅದಕ್ಕೆ ನನ್ನ ತಕರಾರಿಲ್ಲ. ಮನೆಯ ಹತ್ತಿರವೂ ಹೋಗಲಿಲ್ಲ, ಕರೆಯಲೂ ಇಲ್ಲ, ನೆಪ ಹೇಳಿದ ಎಂದಿರುವುದೂ ಅಲ್ಲಿ ಹಾಗೆಯೇ ಇರಲಿ. ನೀನು ಮಾತ್ರ ಅದನ್ನು ನಂಬಬೇಡ.

ನಿನ್ನ ಅಪ್ಪ
ಶಿವರಾಜು